ಮನೆಯಲ್ಲೇ ಕಟ್ಟಿದ ವಿದ್ಯುತ್ ಸ್ಕೇಟ್‌ಬೋರ್ಡ್: ಬ್ಯಾಟರಿಗೆ ಬೆಂಕಿ ಬೀಳದಂತೆ ಏನೇನು ಮಾಡಬೇಕು?

ಪ್ರಶ್ನೆ – ಕೋಥರೂಡ್ ವಿದ್ಯಾರ್ಥಿ, ಪುಣೆ

ಎಲ್ಲರಿಗೂ ನಮಸ್ಕಾರ. ನನ್ನ ಊರು ಧಾರವಾಡ. ಪುಣೆಯಲ್ಲಿ ಎಂಜಿನಿಯರಿಂಗ್ ಮೂರನೆಯ ವರ್ಷ ಓದುತ್ತಿದ್ದೇನೆ. ಕೋಥರೂಡಿನ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ ನಾವು ನಾಲ್ವರು ಗೆಳೆಯರು ಬಾಡಿಗೆಗೆ ಇದ್ದೇವೆ. ಕಾಲೇಜಿನ ಆವರಣದಲ್ಲಿ ಓಡಿಸುವುದಕ್ಕೆಂದು ನಾವೇ ಒಂದು ವಿದ್ಯುತ್ ಸ್ಕೇಟ್‌ಬೋರ್ಡ್ ಕಟ್ಟಿದ್ದೇವೆ. ಅದಕ್ಕೆ ಎರಡು ಮೋಟಾರುಗಳಿದ್ದು, ಬ್ರೇಕ್ ಕೂಡ ಮೋಟಾರಿನಿಂದಲೇ ಬೀಳುತ್ತದೆ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಬಿಚ್ಚಿ ತೆಗೆದ 18650 ಅಳತೆಯ 40 ಲಿಥಿಯಂ ಅಯಾನ್ ಸೆಲ್‌ಗಳನ್ನು ನಾಲ್ಕು ನಾಲ್ಕರಂತೆ ಸಮಾನಾಂತರವಾಗಿ ಜೋಡಿಸಿ, ಅಂಥ ಹತ್ತು ಗುಂಪುಗಳನ್ನು ಸರಣಿಯಲ್ಲಿ ಸೇರಿಸಿ 36 ವೋಲ್ಟಿನ ಪ್ಯಾಕ್ ಮಾಡಿದ್ದೇವೆ. ಬುಧವಾರ ಪೇಟೆಯಲ್ಲಿ ಕೊಂಡ ಬಿಎಂಎಸ್ ಅನ್ನು, ಅಂದರೆ ಬ್ಯಾಟರಿಯ ಮೇಲೆ ಕಣ್ಣಿಟ್ಟು ಅಪಾಯ ಕಂಡಾಗ ಕರೆಂಟ್ ಕಡಿಯುವ ಸರ್ಕ್ಯೂಟನ್ನು, ಅದಕ್ಕೆ ಹಾಕಿದ್ದೇವೆ. ಪ್ಯಾಕಿನ ಮೇಲೆ ನೀಲಿ ಬಣ್ಣದ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್) ಸುತ್ತಿ, ಹಲಗೆಯ ಅಡಿಯಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಕೂರಿಸಿದ್ದೇವೆ.

ಸದ್ಯಕ್ಕೆ ಬೋರ್ಡನ್ನು ಮುಂಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನ ಬಳಿ ರಾತ್ರಿ ಚಾರ್ಜಿಗೆ ಹಚ್ಚಿ ಮಲಗುತ್ತೇವೆ. ನಮ್ಮ ಮೇಲಿನ ಮಹಡಿಯಲ್ಲಿ ಮನೆಯೊಡತಿ ಆಜಿ ಒಬ್ಬರೇ ಇರುತ್ತಾರೆ. ಕಟ್ಟಡಕ್ಕೆ ಲಿಫ್ಟ್ ಇಲ್ಲ, ಇರುವುದು ಒಂದೇ ಮೆಟ್ಟಿಲು. ಮೊನ್ನೆ ಬಂದು ನೋಡಿದ ಅವರು, ‘ಇದು ಹೊತ್ತಿಕೊಂಡರೆ ನಾನು ಕೆಳಗೆ ಇಳಿಯುವುದು ಹೇಗೆ?’ ಎಂದು ಕೇಳಿದರು. ನಮ್ಮಲ್ಲಿ ಯಾರಿಗೂ ಉತ್ತರ ತೋಚಲಿಲ್ಲ.

ಬಿಎಂಎಸ್ ಇರುವಾಗ ಬೆಂಕಿಯ ಭಯ ಇಲ್ಲವೆಂದು ಗೆಳೆಯರು ಹೇಳುತ್ತಾರೆ. ಅದು ನಿಜವೇ? ಇಂಥ ಮನೆಯಲ್ಲಿ ಬೋರ್ಡನ್ನು ಎಲ್ಲಿ ಚಾರ್ಜ್ ಮಾಡಬೇಕು? ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ಬ್ಯಾಟರಿಗೆ ಮರಳುವ ವಿದ್ಯುತ್ತಿನಿಂದ ಅಪಾಯವಿದೆಯೇ? ಅನುಭವಸ್ಥರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ – ಭೋಸರಿ ಕಾರ್ಯಾಗಾರ

ತಮ್ಮಾ, ಆಜಿ ಕೇಳಿದ ಪ್ರಶ್ನೆ ಬಹಳ ಸರಿಯಾದದ್ದು. ನಾನು ಭೋಸರಿಯಲ್ಲಿ ಬ್ಯಾಟರಿ ಪ್ಯಾಕ್ ಜೋಡಿಸುವ ಕೆಲಸದಲ್ಲಿದ್ದೇನೆ. ನೀನು ಬರೆದ ವಿವರಗಳಲ್ಲಿ ನನಗೆ ಅತ್ಯಂತ ಕಳವಳ ತಂದದ್ದು, ಬಿಎಂಎಸ್ ಇರುವಾಗ ಭಯವಿಲ್ಲ ಎಂಬ ನಿನ್ನ ಗೆಳೆಯರ ಮಾತು.

ಬಿಎಂಎಸ್ ನೋಡುವುದು ಪ್ರತಿ ಗುಂಪಿನ ವೋಲ್ಟೇಜನ್ನು, ತನ್ನ ಮೂಲಕ ಹರಿಯುವ ಕರೆಂಟನ್ನು, ಮತ್ತು ಸಂವೇದಕವನ್ನು ಅಂಟಿಸಿದ ಒಂದೆರಡು ಜಾಗಗಳ ಉಷ್ಣತೆಯನ್ನು ಮಾತ್ರ. ಪ್ಯಾಕಿನ ಒಳಗೇ ಸೆಲ್‌ಗಳನ್ನು ಜೋಡಿಸುವ ನಿಕ್ಕಲ್ ಪಟ್ಟಿಯೊಂದು ಪಕ್ಕದ ಸೆಲ್ಲಿನ ಮೈಗೆ ತಗುಲಿ ಶಾರ್ಟ್ ಆದರೆ ಆ ಕರೆಂಟ್ ಬಿಎಂಎಸ್ ದಾಟಿ ಹೋಗುವುದೇ ಇಲ್ಲ, ಆದ್ದರಿಂದ ಅದು ಏನನ್ನೂ ತಡೆಯಲಾರದು. ಇನ್ನೂ ಒಂದು ಸಂಗತಿಯಿದೆ. ಬಿಎಂಎಸ್‌ನಲ್ಲಿ ಸ್ವಿಚ್ಚಿನ ಕೆಲಸ ಮಾಡುವ ಮಾಸ್‌ಫೆಟ್‌ಗಳು ಕೆಟ್ಟಾಗ ಬಹುಮಟ್ಟಿಗೆ ದಾರಿ ತೆರೆದಿಟ್ಟೇ ಕೆಡುತ್ತವೆ, ಅಂದರೆ ತಡೆಯಬೇಕಾದ ಕರೆಂಟನ್ನು ಸುಮ್ಮನೆ ಹರಿಯಲು ಬಿಡುತ್ತವೆ. ಹೀಗಾಗಿ ಬಿಎಂಎಸ್ ಬೇಕೇ ಬೇಕು, ಆದರೆ ಅದನ್ನು ಕೊನೆಯ ಕಾವಲು ಎಂದು ಎಣಿಸಿ ಪ್ಯಾಕನ್ನು ಕಟ್ಟಬೇಕು.

18650 ಸೆಲ್ಲಿನ ರಚನೆಯನ್ನು ಒಮ್ಮೆ ಗಮನವಿಟ್ಟು ನೋಡು. ಮೇಲಿನ ಚಿಕ್ಕ ಗುಂಡಿ ಮಾತ್ರ ಧನ ತುದಿ. ಉಳಿದ ಇಡೀ ಡಬ್ಬಿ, ಆ ಗುಂಡಿಯ ಸುತ್ತಲಿನ ಅಂಚು ಕೂಡ ಸೇರಿ, ಋಣ ತುದಿ. ಎರಡರ ನಡುವೆ ಇರುವುದು ಮಿಲಿಮೀಟರುಗಳ ಅಂತರ ಮತ್ತು ಒಂದು ತೆಳುವಾದ ಪ್ಲಾಸ್ಟಿಕ್ ಹೊದಿಕೆ. ನೀವು ಬೆಸೆದ ನಿಕ್ಕಲ್ ಪಟ್ಟಿ ಹಾದುಹೋಗುವುದು ಸರಿಯಾಗಿ ಆ ಅಂಚಿನ ಮೇಲೆಯೇ. ಟಾರ್ಚಿನ ಒಳಗೆ ನಿಶ್ಚಲವಾಗಿ ಕೂರುವ ಸೆಲ್ಲಿಗೆ ಆ ಹೊದಿಕೆ ಸಾಕಾಗಬಹುದು, ಆದರೆ ಗಟ್ಟಿ ಚಕ್ರದ ಸ್ಕೇಟ್‌ಬೋರ್ಡಿನ ಕೆಳಗೆ, ಪ್ರತಿಯೊಂದು ಸಿಮೆಂಟ್ ಜೋಡಣೆಯೂ ಪ್ಯಾಕನ್ನು ಕುಲುಕುವ ಜಾಗದಲ್ಲಿ, ಆ ಹೊದಿಕೆ ದಿನದಿಂದ ದಿನಕ್ಕೆ ಸವೆಯುತ್ತದೆ. ಆದ್ದರಿಂದ ಪ್ರತಿ ಧನ ತುದಿಯ ಮೇಲೂ ಫಿಶ್ ಪೇಪರಿನ, ಅಂದರೆ ವಿದ್ಯುತ್ ಹರಿಯಗೊಡದ ಗಟ್ಟಿ ಕಾಗದದ, ಉಂಗುರವನ್ನು ಅಂಟಿಸಿಯೇ ಪಟ್ಟಿಯನ್ನು ಬೆಸೆಯಬೇಕು. ಗುಂಪು ಗುಂಪುಗಳ ನಡುವೆಯೂ ಫಿಶ್ ಪೇಪರ್ ಇರಬೇಕು. ಪಟ್ಟಿಯ ಕತ್ತರಿಸಿದ ಮೂಲೆಗಳನ್ನು ಅರದಿಂದ ಉಜ್ಜಿ ಮೊಂಡಾಗಿಸಬೇಕು. ಹೀಟ್ ಶ್ರಿಂಕ್ ಎಂಬುದು ಹೊರಗಿನ ಅಂಗಿ ಮಾತ್ರ, ಚೂಪಾದ ನಿಕ್ಕಲ್ ಮೂಲೆ ಅದನ್ನು ಸುಲಭವಾಗಿ ಸೀಳುತ್ತದೆ.

ಪ್ರತಿ ಗುಂಪಿನ ವೋಲ್ಟೇಜನ್ನು ಬಿಎಂಎಸ್‌ಗೆ ತಲುಪಿಸುವ ಬ್ಯಾಲೆನ್ಸ್ ತಂತಿಗಳ ವಿಷಯವನ್ನು ಬಹಳ ಜನ ಕಡೆಗಣಿಸುತ್ತಾರೆ. ಕೂದಲೆಳೆಯಂಥ ಆ ತಂತಿಗಳು ಪ್ಯಾಕಿನ ಒಂದು ಕೊನೆಯಿಂದ ಇನ್ನೊಂದು ಕೊನೆಗೆ, ಬೇರೆ ಬೇರೆ ವೋಲ್ಟೇಜಿನ ಪಟ್ಟಿಗಳ ಮೇಲೆಯೇ ಹರಿದು ಬಿಎಂಎಸ್ ಸೇರುತ್ತವೆ. ಅವುಗಳಿಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ. ಹೊದಿಕೆ ಸವೆದು ಒಂದು ತಂತಿ ಬೇರೆ ಗುಂಪಿನ ಪಟ್ಟಿಗೆ ತಗುಲಿದರೆ ಅದೇ ಕ್ಷಣ ಕೆಂಪಗೆ ಕಾದು ಪಕ್ಕದ ಸೆಲ್ಲಿನ ಹೊದಿಕೆಯನ್ನು ಕರಗಿಸುತ್ತದೆ. ತಂತಿಗಳು ಪಟ್ಟಿಯನ್ನು ದಾಟುವ ಕಡೆಯಲ್ಲೆಲ್ಲ ಫಿಶ್ ಪೇಪರ್ ಹಾಸಿ, ಮೇಲೆ ಶಾಖ ತಡೆಯುವ ಕ್ಯಾಪ್ಟಾನ್ ಟೇಪ್ ಹಚ್ಚಿ, ಅಲುಗಾಡದಂತೆ ಅಂಟಿಸಿ. ಅಂಟಿಸಲು ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ, ಅದರಿಂದ ಬರುವ ಆಮ್ಲ ಲೋಹವನ್ನು ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದ ಸಿಲಿಕೋನ್ ಕೊಳ್ಳಿ. ನಿಮ್ಮ ಹಲಗೆ ಕಾಲಿನ ಭಾರಕ್ಕೆ ಬಾಗುವಂಥದ್ದಾಗಿದ್ದರೆ ಪ್ಯಾಕನ್ನು ಒಂದೇ ಗಟ್ಟಿಯಾಗಿ ಕಟ್ಟಬೇಡಿ. ಅದನ್ನು ಎರಡು ಮೂರು ತುಂಡುಗಳಾಗಿ ಮಾಡಿ ನಡುವೆ ಮೃದುವಾದ ಸಿಲಿಕೋನ್ ವೈರಿನಿಂದ ಜೋಡಿಸಿ, ಇಲ್ಲವಾದರೆ ಹಲಗೆ ಬಾಗಿದಾಗಲೆಲ್ಲ ವೆಲ್ಡಿಂಗ್ ಚುಕ್ಕೆಗಳ ಮೇಲೆ ಎಳೆತ ಬಿದ್ದು ಅವು ಕಳಚುತ್ತವೆ.

2016ರ ಜುಲೈನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಬೆಂಕಿಯ ಕಾರಣಕ್ಕೆ ಐದು ಲಕ್ಷಕ್ಕೂ ಹೆಚ್ಚು ಹೋವರ್‌ಬೋರ್ಡುಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಿತು. ಅಂಥ ಸಾಧನಗಳಿಗಾಗಿ ರೂಪುಗೊಂಡ ಯುಎಲ್ 2272 ಎಂಬ ಸುರಕ್ಷತಾ ಮಾನದಂಡದಲ್ಲಿ ಕಂಪನ, ಮೇಲಿನಿಂದ ಬೀಳಿಸುವುದು, ನೀರು ಎರಚುವುದು ಇಂಥ ಪರೀಕ್ಷೆಗಳೂ ಇವೆ. ಮನೆಯಲ್ಲಿ ಕಟ್ಟಿದ ಬೋರ್ಡಿಗೆ ಈ ಯಾವ ಪರೀಕ್ಷೆಯೂ ನಡೆದಿರುವುದಿಲ್ಲ, ಆದ್ದರಿಂದ ಆ ಹೊಣೆ ಕಟ್ಟುವವರ ಮೇಲೇ ಇರುತ್ತದೆ.

ಇನ್ನು ಲ್ಯಾಪ್‌ಟಾಪ್ ಸೆಲ್‌ಗಳ ವಿಚಾರ. ಅವು ನಿಧಾನವಾಗಿ ಕರೆಂಟ್ ಕೊಡುವುದಕ್ಕೆಂದು ಮಾಡಿದ ಸೆಲ್‌ಗಳು. 2,200 ಮಿಲಿಆಂಪಿಯರ್ ಅವರ್ ಸಾಮರ್ಥ್ಯದ ಅಂಥ ಒಂದು ಸೆಲ್ಲಿನಿಂದ ನಾಲ್ಕು ಆಂಪಿಯರ್ ಆಸುಪಾಸು ಎಳೆಯಬಹುದು, ನಾಲ್ಕು ಸೇರಿದರೂ 20 ಆಂಪಿಯರ್ ದಾಟುವುದಿಲ್ಲ. ಎರಡು ಮೋಟಾರಿನ ಬೋರ್ಡ್ ಏರಿನಲ್ಲಿ 30ರಿಂದ 40 ಆಂಪಿಯರ್ ಕೇಳುವುದು ಸಾಮಾನ್ಯ. ಮೇಲಾಗಿ ಪ್ರತಿ ಸೆಲ್ಲಿನ ವಯಸ್ಸೂ ಒಳರೋಧವೂ ಬೇರೆ ಬೇರೆಯಾಗಿರುತ್ತವೆ. ಈ ಕೆಲಸಕ್ಕೆ ಹೆಚ್ಚು ಕರೆಂಟ್ ಕೊಡುವ ಹೊಸ ಸೆಲ್‌ಗಳೇ ಬೇಕು. ಕೊಳ್ಳುವಾಗ ಒಂದನ್ನು ನೆನಪಿಡು: 18650 ಅಳತೆಯಲ್ಲಿ ಸುಮಾರು 3,600ಕ್ಕಿಂತ ಹೆಚ್ಚಿನ ಸಾಮರ್ಥ್ಯ ಬರೆದ ಸೆಲ್ ಕಂಡರೆ ಅದು ಬಹುಮಟ್ಟಿಗೆ ನಕಲಿ. ತೂಕವೂ ಸುಳಿವು ಕೊಡುತ್ತದೆ, ಒಳ್ಳೆಯ ಸೆಲ್ 45 ಗ್ರಾಮಿನ ಆಚೀಚೆ ತೂಗುತ್ತದೆ.

ಬ್ರೇಕಿನ ಪ್ರಶ್ನೆಯೂ ಮಹತ್ವದ್ದು. ಮೋಟಾರಿನಿಂದ ಬ್ರೇಕ್ ಹಾಕುವುದೆಂದರೆ ಬ್ಯಾಟರಿಯನ್ನು ಚಾರ್ಜ್ ಮಾಡುವುದೇ ಸರಿ. ಪೂರ್ತಿ 42 ವೋಲ್ಟಿಗೆ ತುಂಬಿದ ಪ್ಯಾಕಿನೊಡನೆ ಪುಣೆಯ ಚಾಂದನಿ ಚೌಕದ ಕಡೆಯಂಥ ಇಳಿಜಾರಿನಲ್ಲಿ ಇಳಿದರೆ ಆ ಶಕ್ತಿಗೆ ಹೋಗಲು ಜಾಗವಿರುವುದಿಲ್ಲ. ಆಗ ಸೆಲ್‌ಗಳು ಮಿತಿ ಮೀರಿ ಚಾರ್ಜ್ ಆಗುತ್ತವೆ, ಇಲ್ಲವೇ ಬಿಎಂಎಸ್ ದಾರಿ ಕಡಿದು ಬ್ರೇಕ್ ಇಲ್ಲವಾಗುತ್ತದೆ. ಎರಡೂ ಜೀವಕ್ಕೆ ಅಪಾಯ. ಪ್ಯಾಕನ್ನು 41 ವೋಲ್ಟಿಗೇ ನಿಲ್ಲಿಸು. ಇಎಸ್‌ಸಿಯ, ಅಂದರೆ ಮೋಟಾರಿನ ವೇಗ ನಿಯಂತ್ರಕದ, ಸೆಟ್ಟಿಂಗಿನಲ್ಲಿ ಬ್ಯಾಟರಿಗೆ ಮರಳುವ ಕರೆಂಟಿನ ಮಿತಿಯನ್ನು ಸೆಲ್ ತಯಾರಕರು ಹೇಳಿದ ಚಾರ್ಜಿಂಗ್ ಮಿತಿಯೊಳಗೆ ಇಡು.

ಉತ್ತರ – ಠಾಣೆಯ ಅಗ್ನಿಸುರಕ್ಷತಾ ತರಬೇತುದಾರೆ

ಪ್ಯಾಕ್ ಕಟ್ಟುವ ಬಗೆಯನ್ನು ಭೋಸರಿಯವರು ಚೆನ್ನಾಗಿ ವಿವರಿಸಿದ್ದಾರೆ. ನಾನು ಕಾರ್ಖಾನೆಗಳಲ್ಲಿ ಬೆಂಕಿಯ ಸುರಕ್ಷತೆಯ ತರಬೇತಿ ಕೊಡುವವಳು, ಆದ್ದರಿಂದ ಚಾರ್ಜಿಂಗ್ ಜಾಗದ ಬಗ್ಗೆ ಹೇಳುತ್ತೇನೆ.

ಮುಂಬಾಗಿಲ ಬಳಿ ಚಾರ್ಜ್ ಮಾಡುವುದನ್ನು ಇಂದಿನಿಂದಲೇ ನಿಲ್ಲಿಸಿ. ಲಿಥಿಯಂ ಅಯಾನ್ ಸೆಲ್ ಒಂದು ಮಿತಿಗಿಂತ ಹೆಚ್ಚು ಬಿಸಿಯಾದರೆ ಒಳಗಿನ ರಾಸಾಯನಿಕ ಕ್ರಿಯೆಗಳು ತಾವೇ ಶಾಖ ಹುಟ್ಟಿಸತೊಡಗುತ್ತವೆ. 130 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಎರಡು ವಿದ್ಯುದ್ವಾರಗಳನ್ನು ಬೇರ್ಪಡಿಸುವ ಪ್ಲಾಸ್ಟಿಕ್ ಪೊರೆ ಕರಗಲಾರಂಭಿಸುತ್ತದೆ. ಅದಾದ ಮೇಲೆ ಒಂದು ಸೆಲ್ ಪಕ್ಕದ ಸೆಲ್ಲನ್ನು ಕಾಯಿಸುತ್ತ 40 ಸೆಲ್‌ಗಳೂ ಒಂದೊಂದಾಗಿ ಹೊತ್ತಿಕೊಳ್ಳಬಹುದು. ಹೊರಬರುವ ಹೊಗೆಯಲ್ಲಿ ಹೈಡ್ರೋಜನ್, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಫ್ಲೋರೈಡ್ ಇರುತ್ತವೆ. ಇಂಥ ಬೆಂಕಿಯಲ್ಲಿ ಹೊರಗೆ ಓಡಲು ಸಿಗುವ ಸಮಯ ಬಹಳ ಕಡಿಮೆ, ಮತ್ತು ನೀವು ಆ ಬೆಂಕಿಯನ್ನು ಇಟ್ಟಿರುವುದು ಓಡಬೇಕಾದ ಬಾಗಿಲಲ್ಲೇ. ನಿಮ್ಮ ಬಾಗಿಲಿನಿಂದ ಹೊರಬಿದ್ದ ಹೊಗೆ ಮೆಟ್ಟಿಲಿನ ಮೂಲಕ ನೇರವಾಗಿ ಆಜಿಯ ಮಹಡಿಗೆ ಏರುತ್ತದೆ. 2022ರಲ್ಲಿ ಮುಂಬಯಿ ಸಮೀಪದ ವಸಯಿಯಲ್ಲಿ ರಾತ್ರಿ ಮನೆಯೊಳಗೆ ಚಾರ್ಜಿಗಿಟ್ಟಿದ್ದ ಸ್ಕೂಟರ್ ಬ್ಯಾಟರಿ ಸ್ಫೋಟಗೊಂಡು, ಅಲ್ಲಿ ಮಲಗಿದ್ದ ಏಳು ವರ್ಷದ ಬಾಲಕ ಸುಟ್ಟ ಗಾಯಗಳಿಂದ ತೀರಿಕೊಂಡ. ಆ ಸುದ್ದಿ ಓದಿದಂದಿನಿಂದ ಪ್ರತಿ ತರಬೇತಿಯಲ್ಲೂ ಈ ಮಾತನ್ನು ಮೊದಲು ಹೇಳುತ್ತೇನೆ: ಮಲಗುವ ಹೊತ್ತಿಗೆ ಪ್ಲಗ್ ಕಿತ್ತಿರಬೇಕು.

ನಿಮ್ಮ ಮನೆಗೆ ಬಾಲ್ಕನಿ ಇದ್ದರೆ, ಅದು ಹೊರಹೋಗುವ ದಾರಿಯಲ್ಲದಿದ್ದರೆ, ಮಳೆ ಮತ್ತು ಮಧ್ಯಾಹ್ನದ ಬಿಸಿಲು ಬೀಳದ ಅದರ ಟೈಲ್ ನೆಲದ ಮೇಲೆ, ಒಣಗಿಸಿದ ಬಟ್ಟೆ, ರಟ್ಟಿನ ಪೆಟ್ಟಿಗೆ, ಪರದೆ ಇವೆಲ್ಲದರಿಂದ ದೂರವಿಟ್ಟು, ಎಚ್ಚರವಿರುವಾಗ ಮಾತ್ರ ಚಾರ್ಜ್ ಮಾಡಿ. ಓಡಿಸಿ ತಂದ ಬೋರ್ಡನ್ನು ತಣ್ಣಗಾಗಲು ಬಿಟ್ಟು ಆಮೇಲೆ ಪ್ಲಗ್ ಹಾಕಿ. ಕೆಲವರು ಕಬ್ಬಿಣದ ಟ್ರಂಕಿನಲ್ಲಿ ಮುಚ್ಚಿಟ್ಟರೆ ಸುರಕ್ಷಿತ ಎಂದುಕೊಳ್ಳುತ್ತಾರೆ. ಅನಿಲ ಹೊರಹೋಗಲು ದಾರಿಯಿಲ್ಲದ ಪೆಟ್ಟಿಗೆ ಸಿಡಿಯುವ ಸಂಭವವಿದೆ, ಆದ್ದರಿಂದ ಅದು ಬೇಡ. ಮೆಟ್ಟಿಲ ಕೆಳಗಿನ ಜಾಗವೂ, ಪೆಟ್ರೋಲ್ ಬೈಕುಗಳ ಸಾಲೂ ಖಂಡಿತ ಬೇಡ. ಬ್ಯಾಟರಿಯಿಂದ ನಡೆಯುವ ಒಂದು ಹೊಗೆ ಅಲಾರಂ ಕೊಂಡು ಹಾಕಿಕೊಳ್ಳಿ, ಇನ್ನೊಂದನ್ನು ಆಜಿಯ ಮನೆಗೂ ಹಾಕಿಕೊಡಿ.

ಪ್ಯಾಕ್ ಊದಿಕೊಂಡರೆ, ಹಿಸ್ ಎಂಬ ಸದ್ದು ಬಂದರೆ, ಥಿನ್ನರಿನಂಥ ಸಿಹಿ ವಾಸನೆ ಹೊಡೆದರೆ ಅದನ್ನು ಎತ್ತಿಕೊಂಡು ಓಡಲು ಹೋಗಬೇಡಿ. ಕೈಯಲ್ಲಿರುವಾಗಲೇ ಅದು ಹೊತ್ತಿಕೊಳ್ಳಬಹುದು. ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಎಳೆದುಕೊಂಡು, 101 ಅಥವಾ 112ಕ್ಕೆ ಕರೆ ಮಾಡಿ, ಲಿಥಿಯಂ ಬ್ಯಾಟರಿಯ ಬೆಂಕಿ ಎಂದು ಸ್ಪಷ್ಟವಾಗಿ ಹೇಳಿ. ಪುಡಿಯ ಅಗ್ನಿಶಾಮಕ ಸಿಲಿಂಡರ್ ಜ್ವಾಲೆಯನ್ನು ಕ್ಷಣಕಾಲ ಅಡಗಿಸುತ್ತದೆ, ಆದರೆ ಸೆಲ್‌ಗಳನ್ನು ತಣಿಸುವುದಿಲ್ಲ, ಹೀಗಾಗಿ ಬೆಂಕಿ ಮತ್ತೆ ಏಳುತ್ತದೆ. ಲಿಥಿಯಂ ಎಂಬ ಹೆಸರು ಕೇಳಿ ನೀರು ಹಾಕಬಾರದು ಎಂದು ಹಲವರು ನಂಬಿದ್ದಾರೆ. ಆ ಎಚ್ಚರಿಕೆ ಲಿಥಿಯಂ ಲೋಹಕ್ಕೆ ಸಂಬಂಧಿಸಿದ್ದು. ನಿಮ್ಮ ಸೆಲ್‌ಗಳ ಬೆಂಕಿಯನ್ನು ತಣಿಸಲು ಅಗ್ನಿಶಾಮಕ ದಳದವರು ಬಳಸುವುದು ಧಾರಾಳ ನೀರನ್ನೇ.

ಪ್ರಶ್ನೆ ಕೇಳಿದವರಿಂದ – ಕೋಥರೂಡ್ ವಿದ್ಯಾರ್ಥಿ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಮೇಡಂ, ಬೋರ್ಡ್ ಈಗ ಬಾಲ್ಕನಿಯಲ್ಲಿದೆ, ಪ್ಲಗ್ ಹಾಕಿಲ್ಲ. ಅಣ್ಣಾ, ನಿಮ್ಮ ಉತ್ತರ ಓದಿದ ಮೇಲೆ ಮಲ್ಟಿಮೀಟರಿನಿಂದ ಒಂದೊಂದೇ ಗುಂಪನ್ನು ಅಳೆದು ನೋಡಿದೆವು. ಕೆಲವು ದಿನಗಳಿಂದ ಸುಮ್ಮನಿದ್ದ ಪ್ಯಾಕಿನಲ್ಲಿ ಒಂಬತ್ತು ಗುಂಪುಗಳು 3.91ರಿಂದ 3.93 ವೋಲ್ಟ್ ತೋರಿಸಿದರೆ ಏಳನೆಯ ಗುಂಪು ಮಾತ್ರ 3.62 ತೋರಿಸಿತು. ಪೂರ್ತಿ ಚಾರ್ಜ್ ಮಾಡಿದರೆ ಬಿಎಂಎಸ್ ಅದನ್ನು ಸಮ ಮಾಡುತ್ತದೆಯೇ?

ಉತ್ತರ – ಭೋಸರಿ ಕಾರ್ಯಾಗಾರ

ಇಲ್ಲ, ಚಾರ್ಜ್ ಮಾಡಬೇಡ. ಎಲ್ಲ ಗುಂಪುಗಳೂ ಒಟ್ಟಿಗೆ ಸುಮ್ಮನಿದ್ದು ಒಂದು ಮಾತ್ರ ಕುಸಿದಿದೆ ಎಂದರೆ ಅದರಲ್ಲಿನ ಒಂದು ಸೆಲ್ ಒಳಗೊಳಗೇ ಸೋರುತ್ತಿದೆ, ಅಥವಾ ಬ್ಯಾಲೆನ್ಸ್ ತಂತಿಯ ಕಡೆ ಎಲ್ಲೋ ಕರೆಂಟ್ ಹರಿಯುತ್ತಿದೆ ಎಂದು ತಿಳಿಯಬೇಕು. ನಾಲ್ಕು ಸೆಲ್ ಸಮಾನಾಂತರವಾಗಿರುವುದರಿಂದ ಸೋರುವ ಒಂದು ಉಳಿದ ಮೂರನ್ನೂ ಬರಿದು ಮಾಡುತ್ತದೆ. ಬಿಎಂಎಸ್‌ನ ಬ್ಯಾಲೆನ್ಸ್ ವ್ಯವಸ್ಥೆ ಸಾಮಾನ್ಯವಾಗಿ ಕೆಲವು ಹತ್ತು ಮಿಲಿಆಂಪಿಯರುಗಳಷ್ಟು ಕರೆಂಟನ್ನು ತುಂಬಿದ ಗುಂಪುಗಳಿಂದ ಹೊರಹಾಕುತ್ತದೆ, ಅಷ್ಟೇ. ಅದು ಕಾಯಿಲೆಯನ್ನು ವಾಸಿ ಮಾಡದೆ ಕಣ್ಣಿಗೆ ಕಾಣದಂತೆ ಮುಚ್ಚುತ್ತದೆ. ಲ್ಯಾಪ್‌ಟಾಪಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಸೆಲ್ ಎಂದೋ ಪೂರ್ತಿ ಬರಿದಾಗಿದ್ದಿರಬಹುದು. ಬಹಳ ಕೆಳಗಿಳಿದ ಸೆಲ್ಲಿನಲ್ಲಿ ಋಣ ವಿದ್ಯುದ್ವಾರದ ತಾಮ್ರದ ಹಾಳೆ ಕರಗಿ, ಮತ್ತೆ ಚಾರ್ಜ್ ಮಾಡುವಾಗ ಆ ತಾಮ್ರ ಬೇರೆ ಕಡೆ ಕೂತು ಒಳಗೇ ಶಾರ್ಟ್ ಆಗುವ ದಾರಿ ಹುಟ್ಟುತ್ತದೆ.

ಈ ಪ್ಯಾಕನ್ನು ಕೈಬಿಡು. 12 ವೋಲ್ಟಿನ ಕಾರ್ ಬಲ್ಬುಗಳನ್ನು ಮೂರರಂತೆ ಸರಣಿಯಲ್ಲಿ ಹಚ್ಚಿ, ಬಾಲ್ಕನಿಯಲ್ಲಿ ಎದುರಿಗೇ ಕೂತು, ಏಳನೆಯ ಗುಂಪನ್ನು ಮೀಟರಿನಲ್ಲಿ ನೋಡುತ್ತ ಚಾರ್ಜ್ ಇಳಿಸು. ಆ ಗುಂಪು 3.0 ವೋಲ್ಟ್ ತಲುಪಿದ ಕೂಡಲೇ ನಿಲ್ಲಿಸು, ಏಕೆಂದರೆ ಅದಕ್ಕಿಂತ ಕೆಳಗೆ ಒತ್ತುತ್ತ ಹೋದರೆ ಕೊನೆಗೆ ಉಳಿದ ಗುಂಪುಗಳು ಅದನ್ನು ತಿರುಗುಮುರುಗು ಚಾರ್ಜ್ ಮಾಡುತ್ತವೆ. ಬಲ್ಬುಗಳು ಬಹಳ ಕಾಯುತ್ತವೆ, ಟೈಲ್ ಮೇಲೆಯೇ ಇಡು. ಆಮೇಲೆ ತಂತಿಗಳ ತುದಿಗಳಿಗೆ ಬೇರೆ ಬೇರೆಯಾಗಿ ಟೇಪ್ ಸುತ್ತಿ, ಅಧಿಕೃತ ಇ-ತ್ಯಾಜ್ಯ ಅಥವಾ ಬ್ಯಾಟರಿ ಮರುಬಳಕೆದಾರರಿಗೆ ಕೊಡು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಯನ್ನು ಮನೆಯ ಉಳಿದ ಕಸದೊಂದಿಗೆ ಸೇರಿಸುವಂತಿಲ್ಲ. ನಿಯಮ ಇರಲಿ, ಪುಣೆಯಲ್ಲಿ ಮನೆಮನೆಯ ಕಸವನ್ನು ಕೈಯಿಂದ ಬೇರ್ಪಡಿಸುವ ಹೆಣ್ಣುಮಕ್ಕಳಿದ್ದಾರೆ. ಅವರ ಕೈಗೆ ಇದು ಹೋಗಕೂಡದು.

ಉತ್ತರ – ವಾಸ್ಕೋದಿಂದ ಒಬ್ಬ ಹವ್ಯಾಸಿ, ಗೋವಾ

ಹೊಸ ಪ್ಯಾಕ್ ಕಟ್ಟುವುದೇ ನಿಶ್ಚಯವಾದರೆ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಸೆಲ್‌ಗಳನ್ನು ದಯವಿಟ್ಟು ಪರಿಗಣಿಸಿ. ನಾನು ನನ್ನ ಬೋರ್ಡಿಗೆ ಅವನ್ನೇ ಬಳಸುತ್ತೇನೆ. ಅವುಗಳ ಧನ ವಿದ್ಯುದ್ವಾರದಲ್ಲಿ ಆಮ್ಲಜನಕವು ರಂಜಕದೊಂದಿಗೆ ಬಿಗಿಯಾಗಿ ಬೆಸೆದುಕೊಂಡಿರುವುದರಿಂದ ಬಿಸಿಯಾದಾಗ ಸುಲಭವಾಗಿ ಬಿಡುಗಡೆಯಾಗುವುದಿಲ್ಲ. ಹತೋಟಿ ತಪ್ಪಲು ಹೆಚ್ಚಿನ ಉಷ್ಣತೆ ಬೇಕು, ತಪ್ಪಿದರೂ ಹೊಮ್ಮುವ ಶಾಖ ಕಡಿಮೆ. ಹಾಗೆಂದು ಅವು ಉರಿಯುವುದೇ ಇಲ್ಲವೆಂದು ತಿಳಿಯಬೇಡಿ. ಅವುಗಳಿಂದಲೂ ಹೊತ್ತಿಕೊಳ್ಳುವ ಅನಿಲ ಬರುತ್ತದೆ, ಶಾರ್ಟ್ ಆದರೆ ಪಟ್ಟಿ ಕೆಂಪಗೆ ಕಾಯುತ್ತದೆ, ಆದ್ದರಿಂದ ಭೋಸರಿಯವರು ಹೇಳಿದ ಫಿಶ್ ಪೇಪರಿನ ಕೆಲಸ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಬೆಲೆ ತೆರಬೇಕಾದುದು ತೂಕದಲ್ಲಿ. ನಿಮ್ಮ 40 ಸೆಲ್‌ಗಳು ಎರಡು ಕಿಲೋಗಿಂತ ತುಸು ಕಡಿಮೆ ತೂಗುತ್ತಿರಬೇಕು. 32700 ಅಳತೆಯ, 6 ಆಂಪಿಯರ್ ಅವರ್ ಸಾಮರ್ಥ್ಯದ 24 ಎಲ್‌ಎಫ್‌ಪಿ ಸೆಲ್‌ಗಳನ್ನು ಎರಡರಂತೆ ಹನ್ನೆರಡು ಗುಂಪು ಮಾಡಿದರೆ 38.4 ವೋಲ್ಟ್, 12 ಆಂಪಿಯರ್ ಅವರ್ ಸಿಗುತ್ತದೆ, ತೂಕ ಮೂರೂವರೆ ಕಿಲೋ ಸಮೀಪಕ್ಕೆ ಹೋಗುತ್ತದೆ. ಸೆಲ್ಲಿನ ದಪ್ಪ 32 ಮಿಲಿಮೀಟರ್ ಆದ್ದರಿಂದ ಪೆಟ್ಟಿಗೆ ಕೆಳಗೆ ಇಳಿಬಿದ್ದು ಹಂಪ್‌ಗಳಿಗೆ ತಗುಲದಂತೆ ನೋಡಿಕೊಳ್ಳಬೇಕು. ಹಾಗೆ ತಗುಲಿ ಪೆಟ್ಟಾದ ಪ್ಯಾಕ್ ಹೊರಗಿನಿಂದ ಚೆನ್ನಾಗಿ ಕಂಡರೂ ನಂಬುವಂಥದ್ದಲ್ಲ. ಯಾವ ಸೆಲ್ ಕೊಂಡರೂ ಅದು ನಿರಂತರವಾಗಿ ಎಷ್ಟು ಆಂಪಿಯರ್ ಕೊಡಬಲ್ಲದು ಎಂಬುದನ್ನು ತಯಾರಕರ ವಿವರಪತ್ರದಲ್ಲಿ ನೋಡಿಯೇ ಇಎಸ್‌ಸಿಯ ಮಿತಿಯನ್ನು ಹೊಂದಿಸಿ.

ಮಳೆಯ ವಿಚಾರವನ್ನು ಯಾರೂ ಎತ್ತಲಿಲ್ಲ. ಇಲ್ಲಿ ಸಮುದ್ರದ ಉಪ್ಪು ಗಾಳಿಯಲ್ಲಿ ಬಿಎಂಎಸ್ ಹಲಗೆಯ ಮೇಲೆ ಹಸಿರು ಕಿಲುಬು ಕಟ್ಟುವುದನ್ನು ನೋಡುತ್ತಲೇ ಇರುತ್ತೇವೆ. ಪುಣೆಯಲ್ಲಿ ಉಪ್ಪು ಇಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ ಸಾಕಷ್ಟಾಯಿತು. ಪೆಟ್ಟಿಗೆಯೊಳಗೆ ಹೋದ ನೀರು ತಕ್ಷಣ ಬೆಂಕಿ ಹಚ್ಚದಿರಬಹುದು. ಅದು ಬ್ಯಾಲೆನ್ಸ್ ಕನೆಕ್ಟರಿನ ಪಕ್ಕಪಕ್ಕದ ಪಿನ್ನುಗಳ ನಡುವೆ ನಿಧಾನವಾಗಿ ಲೋಹ ಕೊರೆದು ದಾರಿ ಮಾಡಿಕೊಳ್ಳುತ್ತದೆ, ಮತ್ತು ತೊಂದರೆ ಕಾಣಿಸಿಕೊಳ್ಳುವುದು ಎಷ್ಟೋ ದಿನಗಳ ನಂತರ, ಬೋರ್ಡ್ ಮೂಲೆಯಲ್ಲಿ ಸುಮ್ಮನೆ ನಿಂತಿರುವಾಗ. ಪೆಟ್ಟಿಗೆಯ ಅಂಚಿಗೆ ರಬ್ಬರ್ ಗ್ಯಾಸ್ಕೆಟ್ ಹಾಕಿ, ಮಳೆಯಲ್ಲಿ ಓಡಿಸಬೇಡಿ, ಒದ್ದೆಯಾದರೆ ಬಿಚ್ಚಿ ನೋಡದೆ ಚಾರ್ಜ್ ಮಾಡಬೇಡಿ. ವಾರಗಟ್ಟಲೆ ಓಡಿಸದೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿ ಇಡಿ. ಇನ್ನೊಂದು ಮಾತು: ಇದನ್ನು ವಿಮಾನದಲ್ಲಿ ತರುವ ಯೋಚನೆ ಬೇಡ, 160 ವ್ಯಾಟ್ ಅವರ್ ಮೀರಿದ ಇಂಥ ಬ್ಯಾಟರಿಯನ್ನು ಪ್ರಯಾಣಿಕರು ಒಯ್ಯುವಂತಿಲ್ಲ.

ಕೊನೆಯದಾಗಿ ಚಾರ್ಜರ್. ನಿಮ್ಮ ಹಳೆಯ ಹತ್ತು ಗುಂಪಿನ ಪ್ಯಾಕಿನ ಚಾರ್ಜರ್ 42 ವೋಲ್ಟಿನದು, ಹನ್ನೆರಡು ಗುಂಪಿನ ಎಲ್‌ಎಫ್‌ಪಿ ಚಾರ್ಜರ್ 43.8 ವೋಲ್ಟಿನದು. ನೋಡಲು ಎರಡೂ ಒಂದೇ ಕಪ್ಪು ಡಬ್ಬಿ, ಪಿನ್ನೂ ಹಲವು ಬಾರಿ ಒಂದೇ. ಎಲ್‌ಎಫ್‌ಪಿ ಚಾರ್ಜರನ್ನು ಮಾಮೂಲಿ ಲಿಥಿಯಂ ಅಯಾನ್ ಪ್ಯಾಕಿಗೆ ಚುಚ್ಚಿದರೆ ಪ್ರತಿ ಸೆಲ್ಲೂ 4.2 ವೋಲ್ಟಿನ ಮಿತಿ ದಾಟಿ 4.38ರತ್ತ ಹೋಗುತ್ತದೆ, ಆಗ ತಡೆಯುವುದಕ್ಕೆ ಉಳಿಯುವುದು ಆ ಬಿಎಂಎಸ್ ಒಂದೇ. ನಾಲ್ವರು ಇರುವ ಮನೆಯಲ್ಲಿ ಇಂಥ ಅದಲುಬದಲು ಆಗದಂತೆ, ಹೊಸ ಪ್ಯಾಕಿಗೆ ಬೇರೆಯೇ ಆಕಾರದ ಚಾರ್ಜಿಂಗ್ ಕನೆಕ್ಟರ್ ಹಾಕಿಸಿ ಮತ್ತು ಹಳೆಯ ಚಾರ್ಜರನ್ನು ಹಳೆಯ ಪ್ಯಾಕಿನ ಜೊತೆಗೇ ಮರುಬಳಕೆಗೆ ಕಳಿಸಿಬಿಡಿ.